ಕೂಸಿಗೆ ಮುಂಚೆ ಕುಂಚಿಗೆ

ಟಿನ್ ಫ್ಯಾಕ್ಟರಿ ಹಿಂಭಾಗ, ಕೃಷ್ಣರಾಜಪುರ
9 ಮಾರ್ಚ್ 2025

ಅವ್ವಾ,

ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕಾಗದ ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನಾನು ಕ್ಷೇಮವಾಗಿದ್ದೇನೆ. ಹೊಟ್ಟೆಯೊಳಗಿನ ಕೂಸು ಕ್ಷೇಮ, ನಿನ್ನ ಅಳಿಯ ದತ್ತುವೂ ಕ್ಷೇಮ. ಆದರೆ ನನಗೆ ವಿಪರೀತ ಸಿಟ್ಟು ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುವ ಹುಚ್ಚಿ ಎಂದು ನಗಬೇಡ. ಫೋನಿನಲ್ಲಿ ಯಾವಾಗಲೂ ನಿನ್ನದೇ ಗೆಲುವು. ನಾನು ಎರಡು ಮಾತು ಆಡುವಷ್ಟರಲ್ಲಿ ನೀನು ಅಳುತ್ತೀ, ನೀನು ಅತ್ತ ಕೂಡಲೇ ನಾನು "ಆತ್ ಬಿಡವ್ವ, ನೀ ಹೇಳ್ದಂಗ ಆಗ್ಲಿ" ಎಂದುಬಿಡುತ್ತೇನೆ. ಕಾಗದದಲ್ಲಿ ಎಷ್ಟು ಅತ್ತರೂ ನನಗೆ ಕೇಳಿಸುವುದಿಲ್ಲ. ಇದಲ್ಲದೆ ಅಣ್ಣ ಫೋನನ್ನು ಸ್ಪೀಕರಿಗೆ ಹಾಕಿ ನಮ್ಮ ಜಗಳವನ್ನು ಓಣಿಗೆಲ್ಲ ಕೇಳಿಸುತ್ತಾನೆ. ಅವರಿಗೇಕೆ ಪುಕ್ಕಟೆ ನಾಟಕ?

ಮೊನ್ನೆ ನೀನು ಏನಂದೆ? "ಕೂಸಿನ ಹೆಸರೀಲೆ ಒಂದ್ ದಾರದ ಎಳೀನೂ ಮನ್ಯಾಗ ತರಬ್ಯಾಡ. ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ ಹೊಲಿಸಿದ್ರಂತ, ಅಂಥಾಕಿ ಆಗಬ್ಯಾಡ." ಈ ಗಾದೆ ಕಟ್ಟಿದವರು ಯಾರವ್ವಾ? ಯಾರೇ ಆಗಲಿ, ಹೆತ್ತವಳಂತೂ ಅಲ್ಲ. ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ ಯಾವನೋ ಗಂಡಸು ಇರಬೇಕು. ಅವನಿಗೆ ಕೂಸೂ ಗೊತ್ತಿಲ್ಲ, ಕುಲಾವಿಯೂ ಗೊತ್ತಿಲ್ಲ.

ನಾವಿಬ್ಬರೂ ಎತ್ತದ ಮಾತನ್ನು ಇವತ್ತು ಎತ್ತುತ್ತೇನೆ. ಹೋದ ವರ್ಷವಲ್ಲ, ಅದರ ಹಿಂದಿನ ಶಿವರಾತ್ರಿಯ ಹೊತ್ತಿಗೆ, ನೀನು ಬಂದು ನನ್ನನ್ನು ತವರಿಗೆ ಕರೆದುಕೊಂಡು ಹೋಗುವ ಮೊದಲೇ ನನಗೆ ನೋವು ಬಂತು. ಆಗಲೂ ನೀನು ಹೇಳಿದ ಹಾಗೆ ಕೇಳಿದ್ದೆ. ಮನೆಯಲ್ಲಿ ಒಂದು ಚಿಂದಿಯನ್ನೂ ಇಟ್ಟುಕೊಂಡಿರಲಿಲ್ಲ. ಬೆಳಿಗ್ಗೆ ಹುಟ್ಟಿತು. ನರ್ಸ್ ಬಂದು "ಮಗು ಬಟ್ಟೆ ಕೊಡ್ರಮ್ಮಾ, ಬೇಗ" ಎಂದಳು. ನಾನು ಇವರ ಮುಖ ನೋಡಿದೆ, ಇವರು ನೆಲ ನೋಡಿದರು. ಕೊನೆಗೆ ಹೆಗಲ ಮೇಲಿದ್ದ ಟವೆಲ್ ಕೊಟ್ಟರು. ಟೈಲ್ಸ್ ಕೂರಿಸುವ ಕೆಲಸದವರಿಗೆ ಅಂಟಿನ ಕಂಪನಿಯವರು ಹಂಚುತ್ತಾರಲ್ಲ, ಅಂಥದ್ದು. ಮೇಲೆ ದಪ್ಪಕ್ಷರದಲ್ಲಿ ಕಂಪನಿ ಹೆಸರು, ಕೆಳಗೆ 'ಹಿಡಿದರೆ ಬಿಡದು' ಎಂದು ಬರೆದಿತ್ತು. ಸಂಜೆಗೆ ಕೂಸು ಹೋಯಿತು. ಅದೇ ಟವೆಲಿನಲ್ಲಿ ಸುತ್ತಿ ದತ್ತು ಮತ್ತು ನಮ್ಮೂರ ಹುಲಿಗೆಪ್ಪ ತೆಗೆದುಕೊಂಡು ಹೋದರು. ನನ್ನ ಮಗಳು ಅಂಟಿನ ಜಾಹೀರಾತು ಹೊದ್ದು ಮಣ್ಣಿಗೆ ಹೋದಳು ಅವ್ವಾ. ತನ್ನದು ಎನ್ನುವ ಒಂದು ಗೇಣು ಬಟ್ಟೆಯೂ ಅವಳಿಗೆ ಇರಲಿಲ್ಲ.

ಈಗ ಏಳನೆಯ ತಿಂಗಳು. ಈ ಕೂಸಿಗೆ ಮೊದಲೇ ಬಟ್ಟೆ ಕೊಳ್ಳುತ್ತೇನೆ. ಹಳೆಯದಲ್ಲ, ಹೊಸದು. ಏನೇ ಆಗಲಿ, ಅದು ಬಂದಾಗ ಅದರದ್ದು ಎನ್ನುವುದು ಮನೆಯಲ್ಲಿ ಇರಬೇಕು. ಗಾದೆಯಲ್ಲಿ ಕುಲಾವಿಯಷ್ಟೇ ಇದೆ, ಅದು ತಲೆ ಮಾತ್ರ ಮುಚ್ಚುತ್ತದೆ. ನಾನು ಕುಂಚಿಗೆಯನ್ನೇ ಹೊಲಿಸುತ್ತೇನೆ, ತಲೆಯಿಂದ ಬೆನ್ನಿನ ಕೆಳಗಿನವರೆಗೆ ಇಳಿಯುವಂಥದ್ದು. ಗಾದೆಗೆ ನಾಚಿಕೆ ಆಗಬೇಕು.

ನಿನ್ನ ಮಗಳು,
ನಾಗರತ್ನಾ


ನೀರಲಗಡ್ಡಿ, ಸುರಪುರ ತಾಲ್ಲೂಕು
21 ಮಾರ್ಚ್ 2025

ಸೌಭಾಗ್ಯವತಿ ನಾಗರತ್ನಾಗೆ ಅವ್ವ ಭೀಮಬಾಯಿಯ ಆಶೀರ್ವಾದ. ಆಶೀರ್ವಾದ ಇಲ್ಲಿಗೆ ಮುಗಿಯಿತು, ಇನ್ನು ಬೈಗುಳ.

ಪೋಸ್ಟಿನ ಅಮೃತಪ್ಪ ಕಾಗದ ತಂದಾಗ ಬ್ಯಾಂಕಿನ ನೋಟೀಸು ಎಂದುಕೊಂಡು ನಿಮ್ಮಣ್ಣ ಹಿತ್ತಲಿಗೆ ಓಡಿದ. ನಾನು ಓದಿಕೊಂಡೆ. ಓದಿಸಿಕೊಳ್ಳುವ ಗತಿ ನನಗೆ ಬಂದಿಲ್ಲ. ಏಳನೆಯ ಇಯತ್ತೆ ಪಾಸಾಗಿದ್ದೇನೆ, ಅಂಗನವಾಡಿಯಲ್ಲಿ ಸಹಾಯಕಿ ಆಗಿ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದ್ದೇನೆ. ನಿನ್ನ ಅಕ್ಷರ ಮೊದಲಿನಂತೆಯೇ ಕಾಗೆ ಕಾಲು ಗುಬ್ಬಿ ಕಾಲು.

ಗಾದೆ ಕಟ್ಟಿದವರು ಗಂಡಸರೋ ಹೆಂಗಸರೋ ನನಗೆ ಗೊತ್ತಿಲ್ಲ. ನನ್ನ ಅತ್ತೆ ನನಗೆ ಹೇಳಿದ್ದರು, ಅವರಿಗೆ ಅವರ ಅತ್ತೆ ಹೇಳಿದ್ದರು. ಕೂಸು ಹುಟ್ಟಿ ಐದನೆಯ ರಾತ್ರಿ ಶೆಟಿಗೆವ್ವ ತಾಯಿ ಬಂದು ಹಣೆಯ ಮೇಲೆ ಬರೆಯುತ್ತಾಳೆ. ಆಕೆ ಬರೆದ ಮೇಲೆ ಕೂಸು ನಮ್ಮದು. ಅಲ್ಲಿಯವರೆಗೆ ಹಿರಿಯರು ಉಟ್ಟು ಮೆತ್ತಗಾದ ಹಳೆಯ ಸೀರೆಯಲ್ಲಿ ಸುತ್ತಿಡಬೇಕು. ನಮ್ಮದು ಎಂದು ಮೊದಲೇ ಮೆರೆದರೆ ಕಣ್ಣು ಬೀಳುತ್ತದೆ. ನೀವೆಲ್ಲ ಹೀಗೆಯೇ ಹುಟ್ಟಿ ಬೆಳೆದಿರಿ. ನಿನ್ನ ತಲೆಯ ಮೇಲೆ ಈಗೇನು ಕೋಡು ಮೂಡಿದೆ?

ಆ ಕೂಸಿನ ಸುದ್ದಿ ಬರೆದಿದ್ದೀ. ಅದಕ್ಕೆ ನಾನು ಉತ್ತರ ಬರೆಯುವುದಿಲ್ಲ.

ಈ ಸಲ ಬಸ್ಸಿನಲ್ಲಿ ಅಷ್ಟು ದೂರ ಕೂರಬೇಡ ಎಂದು ಡಾಕ್ಟರು ನಿನಗೆ ಹೇಳಿದ್ದಕ್ಕೆ, ತವರಿನ ಬಾಣಂತನವನ್ನು ಬೆಂಗಳೂರಿನ ಒಂದು ಕೋಣೆಯಲ್ಲಿ ಮಾಡಲು ಒಪ್ಪಿದ್ದೇನೆ. ರಜೆ ಬರೆದು ಕೊಟ್ಟಿದ್ದೇನೆ. ಆದರೆ ಈ ಮಾತು ಗಟ್ಟಿಯಾಗಿ ಕೇಳಿಸಿಕೊ. ಹುಟ್ಟುವ ಮೊದಲೇ ಹೊಸ ಬಟ್ಟೆ ಆ ಮನೆಯ ಹೊಸ್ತಿಲು ದಾಟಿದರೆ ನಾನು ಆ ಹೊಸ್ತಿಲು ದಾಟುವುದಿಲ್ಲ. ಬಾಣಂತನ ನಿನ್ನ ಕುಂಚಿಗೆಯ ಕೈಲೇ ಮಾಡಿಸಿಕೊ.

ಇಂತಿ ನಿನ್ನ ಅವ್ವ,
ಭೀಮಬಾಯಿ


ಟಿನ್ ಫ್ಯಾಕ್ಟರಿ ಹಿಂಭಾಗ
6 ಏಪ್ರಿಲ್ 2025

ಅವ್ವಾ,

ಹೊಸ್ತಿಲು ದಾಟಿತು. ಮೊದಲು ಅದನ್ನು ಹೇಳಿ ಆಮೇಲೆ ಉಳಿದದ್ದನ್ನು ಹೇಳುತ್ತೇನೆ.

ಏನು ಕೊಳ್ಳಬೇಕು ಎನ್ನುವುದಕ್ಕೇ ಇಲ್ಲಿ ದೊಡ್ಡ ಪಂಚಾಯಿತಿ ಆಯಿತು. ನಾನು ಕೆಲಸ ಮಾಡುವ ಇಂದಿರಾನಗರದ ಆಫೀಸಿನ ಹುಡುಗಿಯರು ಫೋನಿನಲ್ಲಿ ಒಂದೊಂದೇ ತೋರಿಸಿದರು. ಕೂಸನ್ನು ಮಲಗಿಸಿ ತಳ್ಳುವ ಗಾಡಿಯಂತೆ. ನಮ್ಮ ಗಲ್ಲಿಯಲ್ಲಿ ನೀರಿನ ಡ್ರಮ್ಮು ಇಟ್ಟರೆ ಮನುಷ್ಯರು ಅಡ್ಡಡ್ಡ ನಡೆಯಬೇಕು, ಅಲ್ಲಿ ಗಾಡಿ ತಳ್ಳುವವರು ಯಾರು? ಮೇಡಂ ತಮ್ಮ ಮನೆಯದೊಂದು ಡಬ್ಬಿ ತಂದುಕೊಟ್ಟರು. ಒಂದು ಕೋಣೆಯಲ್ಲಿ ಕೂಸು ಅತ್ತರೆ ಇನ್ನೊಂದು ಕೋಣೆಯಲ್ಲಿರುವ ತಾಯಿಗೆ ಅದರಲ್ಲಿ ಕೇಳಿಸುತ್ತದಂತೆ. "ನಮಗೆ ಇನ್ನೊಂದು ಕೋಣೆ ಇಲ್ಲ ಮೇಡಂ, ಪಕ್ಕದ ಮನೆ ಕೂಸು ಅತ್ತರೂ ನಮಗೇ ಕೇಳಿಸ್ತದೆ" ಎಂದೆ. ಅವರು ಪಾಪ, ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡರು. ಅವರ ಮಗನ ಹಳೆಯ ಬಟ್ಟೆಗಳನ್ನೂ ತಂದಿದ್ದರು, ಒಳ್ಳೆಯ ಬಟ್ಟೆಗಳೇ. ಬೇಡ ಎಂದೆ. ಇನ್ನೊಬ್ಬರು ಉಟ್ಟು ಬಿಟ್ಟದ್ದರಲ್ಲಿ ಒಂದು ಕೂಸನ್ನು ಕಳಿಸಿದ್ದು ಸಾಕು.

ಹೋದ ಭಾನುವಾರ ಶಿವಾಜಿನಗರದ ಬಸ್ಸು ಹತ್ತಿದೆ. ಇವರು ಬರಲಿಲ್ಲ. "ಅತ್ತಿ ಬೈತಾರ, ನಾ ಒಲ್ಲೆ" ಎಂದು ಬಾಗಿಲಲ್ಲಿ ನಿಂತರು. ನಿನ್ನ ಅಳಿಯ ಆರನೆಯ ಮಹಡಿಯ ಹೊರಗೋಡೆಗೆ ಹಗ್ಗ ಕಟ್ಟಿಕೊಂಡು ಟೈಲ್ಸ್ ಕೂರಿಸುತ್ತಾರೆ, ನಿನಗೆ ಮಾತ್ರ ಹೆದರುತ್ತಾರೆ.

ಅಲ್ಲಿ ಒಂದು ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯನ್ನು "ಕುಂಚಗಿ ಎಲ್ಲಿ ಸಿಗ್ತಾವ?" ಎಂದು ಕೇಳಿದೆ. ನಮ್ಮ ಬಾಯಿಗೆ ಕುಂಚಿಗೆ ಕುಂಚಗಿಯೇ ಅಲ್ಲವೇ? ಆಕೆಯ ಕಿವಿಗೆ ಅದು ಕುಂಜಿ ಎಂದು ಬಿತ್ತು. ಅವರ ಮಾತಿನಲ್ಲಿ ಕುಂಜಿ ಎಂದರೆ ಬೀಗದ ಕೈ. "ಕುಂಜೀ? ಉಧರ್ ಜಾವ್ ಮಾ" ಎಂದು ಮೂಲೆಗೆ ಕೈ ತೋರಿಸಿದಳು. ಹೋದರೆ ಅಲ್ಲಿ ಕೊಡೆಯ ಕೆಳಗೆ ಒಬ್ಬ ಬೀಗದ ಕೈ ಉಜ್ಜುತ್ತ ಕುಳಿತಿದ್ದ, ಹೆಸರು ಮೊಹ್ಸಿನ್. ಬಟ್ಟೆ ಅಂಗಡಿಗೆ ದಾರಿ ತೋರಿಸುವವನಿರಬೇಕು ಎಂದುಕೊಂಡು "ಕುಂಚಗಿ ಬೇಕಣ್ಣಾ" ಎಂದೆ.

"ಯಾವ ಬೀಗಕ್ಕೆ ಅಕ್ಕಾ? ಹಳೇ ಕೀ ತಂದಿದ್ದೀರಾ?"

"ಬೀಗಕ್ಕಲ್ಲ, ಕೂಸಿಗೆ."

ಅವನು ಎದ್ದೇ ನಿಂತ. "ಮಗು ಒಳಗೆ ಲಾಕ್ ಆಗ್ಬಿಟ್ಟಿದ್ಯಾ? ಎಲ್ಲಿ ಮನೆ? ನಡೀರಿ, ನಡೀರಿ!" ಎಂದು ಸಾಮಾನಿನ ಚೀಲ ಹೆಗಲಿಗೆ ಹಾಕಿಕೊಂಡುಬಿಟ್ಟ.

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು "ಒಳಗೇ ಐತಣ್ಣ, ಇನ್ನೂ ಎರಡು ತಿಂಗಳು ಐತಿ ಬರಾಕ" ಎಂದೆ. ಅವನೂ ನಕ್ಕ, ಸುತ್ತ ಇದ್ದವರೂ ನಕ್ಕರು. ಆ ಶಿವರಾತ್ರಿಯಿಂದೀಚೆಗೆ ನಾನು ಅಷ್ಟು ನಕ್ಕಿರಲಿಲ್ಲ ಅವ್ವಾ.

ಅವನೇ ನನ್ನನ್ನು ಮಕ್ಕಳ ಬಟ್ಟೆ ಮಾರುವ ಮೆಹರುನ್ನೀಸಾ ಎಂಬವರ ಅಂಗಡಿಗೆ ಬಿಟ್ಟುಹೋದ. ನಿನ್ನ ವಯಸ್ಸಿನವರು, ನಿನ್ನಷ್ಟೇ ಬಾಯಿ. ನನ್ನ ಕಥೆ ಕೇಳಿ "ನಮ್ಮಲ್ಲೂ ಹಂಗೇ ಹೇಳ್ತಾರಮ್ಮ, ಮೊದ್ಲೇ ತಗೋಬಾರ್ದು ಅಂತ. ಎಲ್ರೂ ಆ ಮಾತು ಕೇಳಿದ್ರೆ ನನ್ನ ಅಂಗ್ಡಿ ಯಾವತ್ತೋ ಮುಚ್ಬೇಕಿತ್ತು" ಎಂದರು. ಆಮೇಲೆ ಗಲ್ಲೆಯ ಹಿಂದಿನ ಪರದೆ ಸರಿಸಿ ತೋರಿಸಿದರು. ಗೂಟಗಳಿಗೆ ಸಾಲಾಗಿ ಚೀಲಗಳು. ಹೆಂಗಸರು ಬಂದು ಬಟ್ಟೆ ಆರಿಸಿ, ಚೀಲವನ್ನು ಅಲ್ಲೇ ಬಿಟ್ಟು ಹೋಗುತ್ತಾರಂತೆ. ಕೂಸು ಹುಟ್ಟಿದ ಮೇಲೆ ಯಾರಾದರೂ ಬಂದು ಒಯ್ಯುತ್ತಾರೆ. ಮನೆಗೆ ತಂದ ಹಾಗೂ ಅಲ್ಲ, ತರದ ಹಾಗೂ ಅಲ್ಲ. ಹಿಂದೂಗಳದ್ದೂ ಇತ್ತು, ಮುಸ್ಲಿಮರದ್ದೂ ಇತ್ತು, ಕ್ರಿಶ್ಚಿಯನ್ನರದ್ದೂ ಇತ್ತು. "ನಿಂದೂ ಇಲ್ಲೇ ಇರ್ಲಿ. ಅಮ್ಮನಿಗೆ ಸುಳ್ಳೂ ಹೇಳ್ದಂಗಾಗಲ್ಲ, ಬಟ್ಟೇನೂ ರೆಡಿ ಇರತ್ತೆ" ಎಂದರು.

ಒಂದು ಗಳಿಗೆ ಮನಸ್ಸು ಆ ಕಡೆ ವಾಲಿತು. ನೀನೂ ಬರುತ್ತೀ, ಬಟ್ಟೆಯೂ ಇರುತ್ತದೆ. ಆದರೆ ನೋವು ಶುರುವಾದಾಗ ಕೆ.ಆರ್. ಪುರದ ಸೇತುವೆಯ ಮೇಲೆ ಟ್ರಾಫಿಕ್ ಹೇಗಿರುತ್ತದೆ ಎಂದು ನೀನು ನೋಡಿದ್ದೀ. ನನ್ನ ಕೂಸಿನ ಬಟ್ಟೆ ಶಿವಾಜಿನಗರದಲ್ಲಿ ಗೂಟಕ್ಕೆ ನೇತಾಡಿದರೆ ಏನು ಬಂತು? ಅದೂ ಅಲ್ಲದೆ, ಕದ್ದು ತಾಯಿಯಾಗುವುದು ನನಗೆ ಬೇಡ. "ಮನೆಗೇ ಒಯ್ತೀನ್ರಿ" ಎಂದೆ. ಅವರು ನನ್ನ ಮುಖ ನೋಡಿ ಎರಡು ಕಾಲುಚೀಲ ಮೇಲೆ ಹಾಕಿಕೊಟ್ಟರು.

ಕುಂಚಿಗೆ ಅವರ ಬಳಿ ಇರಲಿಲ್ಲ. ಅದು ಹೇಗಿರುತ್ತದೆ ಎಂದು ಬಿಲ್ಲಿನ ಹಿಂದೆ ಚಿತ್ರ ಬರೆದು ತೋರಿಸಿದೆ. "ಅರೆ, ಟೋಪಿಗೆ ಬಾಲ!" ಎಂದು ನಕ್ಕು ತಮ್ಮ ದರ್ಜಿಯ ಕೈಲಿ ಹೊಲಿಸಿದರು. ಈ ಭಾನುವಾರ ಹೋಗಿ ತಂದೆ. ಕೆಂಪು ಬಟ್ಟೆ, ಹಸಿರು ಅಂಚು, ಒಳಗೆ ಮೆತ್ತನೆಯ ಬಿಳಿ ಅರಿವೆ. ಈಗ ಗೋಡೆಗೆ ತೂಗುಹಾಕಿದ ಚೀಲದಲ್ಲಿ ಎಲ್ಲ ಇದೆ. ದತ್ತು ಆ ಚೀಲಕ್ಕೆ ಲಾರಿಗೆ ಕಟ್ಟುವಂತೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾರೆ. ಅಷ್ಟು ಇರಲಿ ಎಂದು ಬಿಟ್ಟೆ.

ಶೆಟಿಗೆವ್ವ ಐದನೆಯ ರಾತ್ರಿ ಬರುತ್ತಾಳೆ ಎಂದೆ. ನನ್ನ ಮೊದಲ ಮಗಳು ಒಂದು ರಾತ್ರಿಯನ್ನೂ ನೋಡಲಿಲ್ಲ. ಅವಳ ಪಾಲಿಗೆ ಆಕೆ ಬರಲೇ ಇಲ್ಲ. ಬರೆಯಲಿಲ್ಲ ಎನ್ನುವ ಕಾರಣಕ್ಕೆ ಅವಳು ನನ್ನವಳಲ್ಲ ಎನ್ನುತ್ತೀಯಾ?

ಬರುವುದು ಬಿಡುವುದು ನಿನ್ನ ಇಷ್ಟ. ಚೀಲ ಮಾತ್ರ ಅಲ್ಲೇ ಇರುತ್ತದೆ.

ನಾಗರತ್ನಾ


ಟಿನ್ ಫ್ಯಾಕ್ಟರಿ ಹಿಂಭಾಗ
27 ಏಪ್ರಿಲ್ 2025

ಅವ್ವಾ,

ನಿನ್ನ ಕಾಗದ ಬರಲಿಲ್ಲ. ಹುಲಿಗೆಪ್ಪ ಊರಿಂದ ಬಂದು ಗಂಟು ಕೊಟ್ಟುಹೋದ. ಬಿಚ್ಚಿದರೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಅಳ್ಳಿಟ್ಟು. ಎಲ್ಲ ಕೊಡವಿ ನೋಡಿದೆ, ಒಂದು ಸಾಲು ಕೂಡ ಇಲ್ಲ. "ಅವ್ವ ಏನಾರ ಹೇಳ್ಯಾಳೇನು?" ಎಂದು ಕೇಳಿದರೆ "ರೊಟ್ಟಿ ಮೆತ್ತಗಾಗೂದ್ರಾಗ ತಿನ್ನು ಅಂದಾಳ" ಎಂದ. ಸಿಟ್ಟಿನಲ್ಲಿಯೂ ರೊಟ್ಟಿ ಬಡಿಯುತ್ತೀ, ಮಾತು ಮಾತ್ರ ಬಚ್ಚಿಟ್ಟುಕೊಂಡಿದ್ದೀ. ರೊಟ್ಟಿ ತಿಂದು ಮುಗಿಸಿದೆ. ನಾನೇನು ನಿನ್ನ ಹಾಗೆ ಹಟ ಮಾಡುವವಳಲ್ಲ.

ಗಂಟು ಕಟ್ಟಿದ್ದ ಬಟ್ಟೆಯನ್ನು ಆಮೇಲೆ ನೋಡಿದೆ. ನಿನ್ನ ನೀಲಿ ಇಳಕಲ್ ಸೀರೆಯ ತುಂಡು, ಒಗೆದು ಒಗೆದು ಬೆಣ್ಣೆಯ ಹಾಗಾಗಿದೆ. ಅಂಚು ಮಡಿಚಿ ಹೊಲಿದಿದ್ದೀ. ಗಂಟು ಕಟ್ಟುವ ಬಟ್ಟೆಯ ಅಂಚನ್ನು ಯಾರೂ ಅಷ್ಟು ಸಣ್ಣಗೆ ಹೊಲಿಯುವುದಿಲ್ಲ. ನನಗೆ ಅರ್ಥವಾಯಿತು ಅವ್ವಾ. ಅದನ್ನೂ ಒಗೆದು ಚೀಲಕ್ಕೆ ಸೇರಿಸಿದ್ದೇನೆ. ಆದರೆ ಮೊದಲು ಮೈಗೆ ಹಾಕುವುದು ಹೊಸದನ್ನೇ. ಅದರಲ್ಲಿ ರಾಜಿ ಇಲ್ಲ.

ನನಗೆ ಹೆದರಿಕೆ ಇಲ್ಲ ಎಂದುಕೊಳ್ಳಬೇಡ. ಇದೆ. ಒಳಗೆ ಅದು ಒದೆಯುವುದು ಸ್ವಲ್ಪ ತಡವಾದರೂ ಎದ್ದು ಚೀಲ ಇಳಿಸಿ ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಮಡಚುತ್ತೇನೆ. ಹೋದ ಸಲ ಬರಿಗೈಯಲ್ಲಿ ಕುಳಿತು ಹೆದರಿದ್ದೆ. ಈ ಸಲ ಕೈಗೆ ಕೆಲಸವಿದೆ.

ಡಾಕ್ಟರು ಮೇ ಕೊನೆಯ ವಾರ ಎಂದಿದ್ದಾರೆ. ನೀನು ಬರದಿದ್ದರೆ ಹೇಗೆ ಎಂದು ಯೋಚಿಸಿದ್ದೇನೆ. ಇವರು ಕೆಲಸ ಬಿಟ್ಟು ಮನೆಯಲ್ಲಿರುತ್ತಾರಂತೆ, ಕೂಸಿಗೆ ನೀರು ಎರೆಯುವುದನ್ನು ಫೋನಿನಲ್ಲಿ ನೋಡಿ ಕಲಿಯುತ್ತಾರಂತೆ. ಸಿಮೆಂಟು ಕಲೆಸಿದ ಕೈಯಲ್ಲಿ ಹಸಿಗೂಸಿಗೆ ಎಣ್ಣೆ ಹಚ್ಚುವುದನ್ನು ನೆನೆಸಿಕೋ. ನೆನೆಸಿಕೊಂಡು ಸುಮ್ಮನೆ ಇರುವುದಾದರೆ ಇರು.

ನನಗೆ ನೀನು ಬೇಕು. ಇದನ್ನು ಬರೆಯುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಆದರೆ ಚೀಲ ಹೊರಗಿಟ್ಟು ನಿನ್ನನ್ನು ಒಳಗೆ ಕರೆಯಲಾರೆ.

ನಾಗರತ್ನಾ


ನೀರಲಗಡ್ಡಿ
14 ಮೇ 2025

ನಾಗರತ್ನಾ,

ನಿನ್ನ ಎರಡೂ ಕಾಗದ ಮುಟ್ಟಿವೆ. ಉತ್ತರ ಬರೆಯಬಾರದು ಎಂದೇ ಇದ್ದೆ. ಬೀಗದ ಕೈಯವನ ಸುದ್ದಿ ಓದಿ ಒಲೆಯ ಮುಂದೆ ಒಬ್ಬಳೇ ನಕ್ಕೆ. ನಕ್ಕಿದ್ದಕ್ಕೆ ನಿನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಹೋದ ವಾರ ಅಂಗನವಾಡಿಯಲ್ಲಿ ಗರ್ಭಿಣಿಯರ ಸಭೆ ಇತ್ತು. ಪ್ರತಿ ಸಲವೂ ಅವರಿಗೆ ನಾನೇ ಹೇಳುತ್ತೇನೆ, ದಿನ ಹತ್ತಿರ ಬಂದಾಗ ಆಸ್ಪತ್ರೆಗೆ ಒಂದು ಚೀಲ ಸಿದ್ಧ ಇಟ್ಟುಕೊಳ್ಳಿ, ಕೂಸಿಗೆ ಒಗೆದ ಅರಿವೆ ಇರಲಿ, ತಲೆಗೆ ಟೊಪ್ಪಿಗೆ ಇರಲಿ ಎಂದು. ಬಾಯಿಪಾಠ. ಈ ಸಲವೂ ಹೇಳಿದೆ. ಕೆಳಗಿನ ಓಣಿಯ ಉಮಾಶ್ರೀ, ನಿನ್ನೆ ಮೊನ್ನೆ ಮದುವೆಯಾಗಿ ಬಂದವಳು, ಎದ್ದು ನಿಂತು ಕೇಳಿದಳು. "ಭೀಮವ್ವಾ, ನಿನ್ನ ಮಗಳ ಚೀಲ ತಯಾರಾತೇನು?"

ಅವಳಿಗೆ ಏನೂ ಗೊತ್ತಿಲ್ಲ, ಒಳ್ಳೆಯ ಮನಸ್ಸಿನಿಂದ ಕೇಳಿದಳು. ಎಲ್ಲರೂ ನನ್ನ ಕಡೆ ನೋಡಿದರು. ಹಿಂದೆ ಕುಳಿತಿದ್ದ ಒಬ್ಬ ಮುದುಕಿ "ಹಂಗ ಮೊದ್ಲೇ ಇಡಬಾರದವ್ವಾ" ಎಂದು ಬಾಯಿ ಹಾಕಿದಳು. ನಾನು ಇಡೀ ಜನ್ಮದಲ್ಲಿ ಹೇಳಿಕೊಂಡು ಬಂದ ಮಾತನ್ನೇ ಅವಳು ಹೇಳಿದ್ದು. ನನಗೆ ಎಲ್ಲಿತ್ತೋ ಸಿಟ್ಟು. "ಯಾಕ ಇಡಬಾರದು? ನನ್ನ ಮಗಳು ಇಟ್ಟಾಳ. ಕುಂಚಗಿ ಹೊಲಿಸ್ಯಾಳ, ಕೆಂಪು ಬಟ್ಟಿ, ಹಸಿರ ಅಂಚು. ಯಾರದರ ತಕರಾರು ಐತೇನು?" ಎಂದೆ. ಮುದುಕಿ ಎದ್ದು ಹೋದಳು. ಹೋಗಲಿ.

ಹೀಗೆ ಹೇಳಿದೆ ಎಂದರೆ ನೀನು ಗೆದ್ದೆ ಎಂದು ತಿಳಿಯಬೇಡ. ಐದನೆಯ ದಿನ ಶೆಟಿಗೆವ್ವನ ಪೂಜೆ ನನ್ನ ಪದ್ಧತಿಯಂತೆಯೇ ಆಗಬೇಕು. ಅದರಲ್ಲಿ ನಿನ್ನ ಬಾಯಿ ನಡೆಯುವುದಿಲ್ಲ. ಅಳಿಯಂದಿರು ಎರೆಯುವ ಮಾತಂತೂ ಬೇಡವೇ ಬೇಡ, ನನ್ನ ಎದೆ ಒಡೆಯುತ್ತದೆ.

ಮರುದಿನ ಸುರಪುರದ ಸಂತೆಗೆ ಹೋದೆ. ಹುಟ್ಟುವ ಕೂಸಿಗೆ ಅಜ್ಜಿಯ ಕಡೆಯಿಂದ ಒಂದು ಹೊಸ ಅಂಗಿಯಾದರೂ ಇರಲಿ, ಎಲ್ಲ ನೀನೇ ತಂದು ನಿನ್ನದೇ ಕಾರುಬಾರು ಆಗಬಾರದು ಎಂದುಕೊಂಡು ಮಕ್ಕಳ ಬಟ್ಟೆಯ ಅಂಗಡಿ ಹೊಕ್ಕೆ. ಅಂಗಡಿಯವನು "ಎಷ್ಟು ವರ್ಷದ್ದಕ್ಕರೀ ಅವ್ವಾರೆ?" ಎಂದು ಕೇಳಿದ. ಇನ್ನೂ ಹುಟ್ಟಿಲ್ಲ ಎಂದು ಹೇಳಲು ಬಾಯಿ ತೆರೆದೆ.

"ಎರಡು ವರ್ಷ ತುಂಬ್ಯಾವ" ಎಂದೆ.

ಅದು ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಅವನು "ಹುಡುಗಾನೋ ಹುಡುಗೀನೋ?" ಎಂದ. ಹುಡುಗಿ ಎಂದೆ. "ಎತ್ತರ ಹ್ಯಾಂಗದಾಳ?" ಎಂದ. ನಮ್ಮ ಕಡೆಯವರೆಲ್ಲ ಉದ್ದ, ಒಂದು ಅಳತೆ ದೊಡ್ಡದೇ ಕೊಡು ಎಂದೆ. ಹಳದಿ ಬಣ್ಣದ ಫ್ರಾಕು, ಮುಂದೆ ಎರಡು ಕಿಸೆ ಇವೆ. ಆ ವಯಸ್ಸಿನ ಮಕ್ಕಳಿಗೆ ಕಿಸೆ ಬೇಕು, ಹುಣಸೆಬೀಜ ಕಲ್ಲು ಎಲ್ಲ ತುಂಬಿಕೊಂಡು ಬರುತ್ತಾರೆ. ಮನೆಗೆ ಬಂದು ಅದನ್ನು ತೊಡೆಯ ಮೇಲೆ ಹಾಸಿಕೊಂಡು ಅತ್ತೆ. ನಿನಗೆ ಕೇಳಿಸಿರಲಿಕ್ಕಿಲ್ಲ.

ಮಂಗಳವಾರ ಬೆಳಿಗ್ಗೆ ಟಿನ್ ಫ್ಯಾಕ್ಟರಿಯಲ್ಲಿ ಇಳಿಯುತ್ತೇನೆ, ಅಳಿಯಂದಿರನ್ನು ಕಳಿಸು. ಮನೆಗೆ ಬರುವ ಮೊದಲು ಅವರು ನನ್ನನ್ನು ಕೂಸಿನ ಮಣ್ಣು ಮಾಡಿದ ಕಡೆ ಕರೆದುಕೊಂಡು ಹೋಗಬೇಕು. ಹೆಂಗಸರು ಅಲ್ಲಿಗೆ ಹೋಗಬಾರದು ಎಂದು ನನಗೆ ಪದ್ಧತಿ ಕಲಿಸಲು ಬರಬೇಡಿ ಎಂದು ಈಗಲೇ ಹೇಳಿಡು. ಫ್ರಾಕು ಅಲ್ಲಿ ಕೊಟ್ಟು ಬರುತ್ತೇನೆ.

ಸಣ್ಣದಕ್ಕೆ ನೀನು ತಂದಿದ್ದೀ. ದೊಡ್ಡಾಕೆಗೆ ನಾನು ತಂದಿದ್ದೇನೆ. ಮನೆಯಲ್ಲಿ ಎರಡು ಮಕ್ಕಳಿರುವಾಗ ಒಂದಕ್ಕೇ ಬಟ್ಟೆ ತರುವ ಪದ್ಧತಿ ನಮ್ಮಲ್ಲಿ ಇಲ್ಲ.

ನಿನ್ನ ಅವ್ವ,
ಭೀಮಬಾಯಿ